ಜಾಣ ಹುಡುಗನ ಬೆನ್ನಿಗೆ ಯಾರಿದ್ದಾರೆ?

ಆಫೀಸಿಗೆ ಹೋಗಿಬರುವ ಮೆಟ್ರೋದಲ್ಲಿ ಓದೋಕೆ ನನಗೆ ಥ್ರಿಲ್ಲರ್‌ಗಳೇ ಬೇಕು. ಕಂಬ ಹಿಡ್ಕೊಂಡು ನಿಂತು ನಾಲ್ಕು ಪುಟ ಓದಿದರೂ ಕಥೆ ನಮ್ಮನ್ನು ಎಳಕೊಂಡು ಹೋಗಬೇಕು. ಹಾಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಲೇಖಕಿ ಕ್ಯಾಥರೀನ್ ಜಿಂಕ್ಸ್ ಬರೆದ ‘ಈವಿಲ್ ಜೀನಿಯಸ್’ (2005) ಮತ್ತು ಅದರ ಮುಂದಿನ ಭಾಗ ‘ಜೀನಿಯಸ್ ಸ್ಕ್ವಾಡ್’ (2008). ಹದಿಹರೆಯದವರಿಗೆ ಅಂತ ಬರೆದದ್ದು. ಮೂವತ್ತರ ಹತ್ತಿರ ಇರೋ ನನ್ನನ್ನೂ ಬಿಡಲಿಲ್ಲ.

ಕಥೆ ಸಿಡ್ನಿಯದು. ಕ್ಯಾಡೆಲ್ ಅನ್ನೋ ದತ್ತು ಮಗ ಏಳನೇ ವಯಸ್ಸಿಗೇ ಹ್ಯಾಕಿಂಗ್ ಮಾಡಿ ಸಿಕ್ಕಿಬೀಳ್ತಾನೆ. ಮನೆಯವರು ಅವನನ್ನು ಥ್ಯಾಡಿಯಸ್ ಎಂಬ ಮನಶ್ಶಾಸ್ತ್ರಜ್ಞರ ಹತ್ತಿರ ಕರ್ಕೊಂಡು ಹೋಗ್ತಾರೆ. ಬುದ್ಧಿ ಹೇಳಬೇಕಾದ ಆ ಮನುಷ್ಯ ಕಲಿಸೋದೇನು ಗೊತ್ತಾ? ತಪ್ಪು ಮಾಡಬೇಡ ಅಂತಲ್ಲ, ಮುಂದಿನ ಸಲ ಸಿಕ್ಕಿಬೀಳಬೇಡ ಅಂತ! ಅಲ್ಲಿಂದ ಹುಡುಗನ ದಾರಿ ಅಪರಾಧಿಗಳನ್ನು ತಯಾರು ಮಾಡುವ ಒಂದು ವಿದ್ಯಾಸಂಸ್ಥೆಗೆ. ಅಲ್ಲಿ ಸುಳ್ಳು ಹೇಳೋದು, ವೇಷ ಮರೆಸೋದು, ಹಣ ಲಪಟಾಯಿಸೋದು ಎಲ್ಲಾ ಪಾಠ.

ಎರಡನೇ ಪುಸ್ತಕಕ್ಕೆ ಬರುವ ಹೊತ್ತಿಗೆ ಆ ಲೋಕ ಕುಸಿದಿರುತ್ತೆ. ಕ್ಯಾಡೆಲ್ ಯಾರದೋ ಮನೆಯಲ್ಲಿ, ಪೊಲೀಸ್ ಕಾವಲಿನಲ್ಲಿ ದಿನ ತಳ್ಳುತ್ತಿದ್ದಾನೆ. ತಾನು ಯಾರ ಮಗ, ಯಾವ ದೇಶದವನು ಅನ್ನೋದೇ ಇತ್ಯರ್ಥವಾಗಿಲ್ಲ. ಯಾರು ಪ್ರೀತಿಯಿಂದ ಮಾತಾಡಿಸಿದರೂ ‘ಇವರಿಗೆ ನನ್ನಿಂದ ಏನು ಬೇಕು?’ ಅನ್ನೋ ಅನುಮಾನ. ಅಪರಾಧಿಗಳ ಕೈಯಿಂದ ತಪ್ಪಿಸಿಕೊಂಡವನಿಗೆ ಈ ಅನುಮಾನದಿಂದ ತಪ್ಪಿಸಿಕೊಳ್ಳೋದೇ ಕಷ್ಟ.

ಅವನನ್ನು ಉಳಿಸೋದು ಅವನ ಬುದ್ಧಿವಂತಿಕೆ ಅಲ್ಲ. ಸೋನ್ಯಾ ಅನ್ನೋ ಗೆಳತಿ ಇದ್ದಾಳೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿ, ಗಣಿತ ಅಂದ್ರೆ ಪ್ರಾಣ. ಆನ್‌ಲೈನ್‌ನಲ್ಲಿ ಪರಿಚಯವಾದಾಗ ಇಬ್ಬರೂ ತಾವು ಯಾರು ಅಂತ ಸುಳ್ಳೇ ಹೇಳಿದ್ದರು. ನಿಜ ಹೊರಬಿದ್ದ ಮೇಲೂ ಸ್ನೇಹ ಉಳಿಯಿತು. ಸಾಲ್ ಅನ್ನೋ ಪೊಲೀಸ್ ಅಧಿಕಾರಿ, ಫಿಯೋನಾ ಅನ್ನೋ ಸಮಾಜ ಕಾರ್ಯಕರ್ತೆ ಇದ್ದಾರೆ. ಹುಡುಗ ಎಷ್ಟು ಜಾಣ ಅನ್ನೋದಕ್ಕಿಂತ ಅವನು ಕ್ಷೇಮವಾಗಿದ್ದಾನಾ ಅನ್ನೋದು ಅವರಿಗೆ ಮುಖ್ಯ.

ಈ ಪುಸ್ತಕ ಓದುತ್ತಿದ್ದ ದಿನಗಳಲ್ಲೇ ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಹದಿಮೂರು. ಶಾಲೆಯ ಆ್ಯಪ್‌ನಲ್ಲಿ ಟೀಚರ್ ಪಾಸ್‌ವರ್ಡ್ ಊಹಿಸಿ, ಕ್ಲಾಸಿನವರ ಅಂಕಗಳನ್ನೆಲ್ಲ ನೋಡಿದ್ದನಂತೆ. ‘ಎಷ್ಟು ಚುರುಕು ನೋಡು’ ಅಂತ ಮನೆಯವರೆಲ್ಲ ನಕ್ಕರು. ಅವನ ಮುಖ ಅರಳಿತ್ತು.

‘ಯಾರ ಅಂಕ ನೋಡಿದ್ಯೋ?’ ಅಂತ ಕೇಳಿದೆ.

‘ನನ್ ಬೆಂಚಿನವನದ್ದು ಚಿಕ್ಕಿ. ಎರಡು ಸಬ್ಜೆಕ್ಟಲ್ಲಿ ಫೇಲು. ಎಲ್ರಿಗೂ ಹೇಳ್ದೆ.’

‘ಈಗ ಅವನು ಆಟಕ್ಕೆ ಬರ್ತಾನಾ?’

ಹುಡುಗ ತಲೆ ತಗ್ಗಿಸಿದ. ಎರಡು ದಿನದಿಂದ ಬಂದಿರಲಿಲ್ಲ. ನಗುತ್ತಿದ್ದ ಅಕ್ಕನೂ ಸುಮ್ಮನಾದಳು. ಬೈಗುಳ, ಭಾಷಣ ಯಾವುದೂ ನಡೆಯಲಿಲ್ಲ. ಅವತ್ತು ಸಂಜೆ ಅಮ್ಮ, ಮಗ ಇಬ್ಬರೂ ಆ ಹುಡುಗನ ಮನೆಗೆ ಹೋಗಿ ಬಂದರು. ಸೋಮವಾರ ಕ್ಲಾಸ್ ಟೀಚರ್‌ಗೂ ಹೇಳಿದರು.

ಥ್ಯಾಡಿಯಸ್ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅವನು ಕ್ಯಾಡೆಲ್‌ನ ಬುದ್ಧಿಯನ್ನು ಮಾತ್ರ ಹೊಗಳುತ್ತಾನೆ, ಅದರಿಂದ ಯಾರಿಗೆ ನೋವಾಯ್ತು ಅಂತ ಒಮ್ಮೆಯೂ ಕೇಳೋದಿಲ್ಲ. ನಮ್ಮಲ್ಲಿ ತುಂಬಾ ಜನ ದಿನವಿಡೀ ಕೋಡ್ ಜೊತೆ ಇರೋರು. ಮನೆಯ ಮಕ್ಕಳು ಇಂಥದ್ದೇನಾದ್ರೂ ಮಾಡಿದಾಗ ಮೊದಲು ಓಡಿಬಂದು ತೋರಿಸೋದು ನಮಗೇ. ಆಗ ನಾವು ಏನು ಕೇಳ್ತೀವಿ ಅನ್ನೋದು ಅವರಿಗೆ ನೆನಪಿರುತ್ತೆ.

ಸರಣಿಯ ಮೂರನೇ ಪುಸ್ತಕ ‘ದಿ ಜೀನಿಯಸ್ ವಾರ್ಸ್’ ಇನ್ನೂ ಬಾಕಿ ಇದೆ. ಮೊದಲ ಎರಡನ್ನು ತುಮಕೂರಿಗೆ ಕಳಿಸಿದ್ದೀನಿ. ಮೊನ್ನೆ ಫೋನ್ ಮಾಡಿ, ‘ಚಿಕ್ಕಿ, ಈ ಥ್ಯಾಡಿಯಸ್ ಒಳ್ಳೆಯವನಾ?’ ಅಂತ ಕೇಳಿದ. ಓದು, ನೀನೇ ಹೇಳು ಅಂದೆ.