ಐದು ಇಂಚಿನ ಲೆಕ್ಕ

ದೀಪಾವಳಿಗೆ ಊರು ತಲುಪಿದ ಮರುದಿನ ಬೆಳಿಗ್ಗೆ ಅಪ್ಪ ಜಿಪ್ಸಿಯ ಬಾಗಿಲು ತೆಗೆದು ಒಂದು ಕಾಲು ಮೇಲೆತ್ತಿದರು. ಮತ್ತೆ ಕೆಳಗಿಟ್ಟರು. ಕಂಬಿ ಹಿಡಿದು ಇನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲನ್ನು ಮೆಲ್ಲಗೆ ಹಾಕಿ, "ನೀವು ಹೋಗ್ಬನ್ನಿ, ನಂಗೆ ಕಣದಲ್ಲಿ ಸ್ವಲ್ಪ ಕೆಲಸ ಇದೆ" ಅಂದರು. ಕಾಫಿ ಕೊಯ್ಲಿಗೆ ಇನ್ನೂ ದಿನವಿತ್ತು. ಕಣದಲ್ಲಿ ಆಗ ಯಾವ ಕೆಲಸವೂ ಇರಲಿಲ್ಲ. ಅದು ಮಗನಿಗೂ ಗೊತ್ತಿತ್ತು.

1998ರ ಜಿಪ್ಸಿ ಕಿಂಗ್ ಅದು. ಮೂಡಿಗೆರೆ ಆಚೆಯ ತೋಟಕ್ಕೆ ಅದು ಬಂದಾಗ ಮಗ ಆರನೇ ಕ್ಲಾಸು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೊಬ್ಬರ, ಕಾಫಿ ಚೀಲ, ಮೆಣಸು ಕೊಯ್ಯುವ ಏಣಿ, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಹೊರಟವರು, ಎಲ್ಲವನ್ನೂ ಹೊತ್ತಿತ್ತು. ಅಪ್ಪನ ಮೊಣಕಾಲು ನೋವು ಜಾಸ್ತಿಯಾಗಿ ಗಾಡಿ ಶೆಡ್ಡಿನಲ್ಲೇ ನಿಲ್ಲತೊಡಗಿದಾಗ, ಪುಣೆಯಲ್ಲಿ ಕೆಲಸದಲ್ಲಿದ್ದ ಮಗ "ರಿಪೇರಿ ಮಾಡಿಸಿ ತಂದುಕೊಡ್ತೀನಿ" ಎಂದು ಅದನ್ನು ಒಯ್ದ. ರಿಪೇರಿಯ ಮಾತು ಪುಣೆ ಸೇರಿದ ಎರಡು ತಿಂಗಳಲ್ಲಿ ಬೇರೆಯೇ ದಾರಿ ಹಿಡಿಯಿತು. ಶನಿವಾರ, ಭಾನುವಾರ ಸಹ್ಯಾದ್ರಿಯ ಕೆಸರು ದಾರಿಗಳಿಗೆ ಹೋಗುವ ಗೆಳೆಯರ ಗುಂಪು ಸಿಕ್ಕಿತ್ತು. ಅವರೆಲ್ಲರ ಗಾಡಿಗಳ ನಡುವೆ ಅಪ್ಪನ ಜಿಪ್ಸಿ ಕುಳ್ಳಾಗಿ ಕಾಣುತ್ತಿತ್ತು.

ಜಿಪ್ಸಿಗೆ ಮುಂದೂ ಹಿಂದೂ ಲೀಫ್ ಸ್ಪ್ರಿಂಗು. ಊರಿನ ಕಡೆ ಬ್ಲೇಡು ಅನ್ನುತ್ತಾರೆ, ಪುಣೆಯ ಗ್ಯಾರೇಜುಗಳಲ್ಲಿ ಪಾಟಾ. ಕಂಪನಿಯಿಂದ ಬರುವಾಗ ಈ ಪಾಟಾ ಆಕ್ಸಲ್ಲಿನ ಕೆಳಗೆ, ಯು-ಬೋಲ್ಟಿನಲ್ಲಿ ಕಟ್ಟಿಕೊಂಡು ಇರುತ್ತದೆ. ಅದನ್ನು ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸಿದರೆ, ಆಕ್ಸಲ್ಲಿನ ದಪ್ಪ ಮತ್ತು ಪಾಟಾದ ದಪ್ಪ ಸೇರಿ ಗಾಡಿ ಒಂದೇ ಏಟಿಗೆ ಸುಮಾರು ಐದು ಇಂಚು ಮೇಲೇಳುತ್ತದೆ. ಹೊಸ ಸ್ಪ್ರಿಂಗು ಕೊಳ್ಳುವಂತಿಲ್ಲ, ಖರ್ಚು ಕಡಿಮೆ. ಜಿಪ್ಸಿಯ ಅಣ್ಣತಮ್ಮಂದಿರಾದ ಸುಜುಕಿ ಸಮುರಾಯ್‌ಗಳಿಗೆ ಹೊರದೇಶಗಳಲ್ಲಿ ಜನ ಬಹಳ ಕಾಲದಿಂದ ಮಾಡಿಕೊಂಡು ಬಂದ ಉಪಾಯ ಇದು. ಗೆಳೆಯರು ತೋರಿಸಿದ ಗ್ಯಾರೇಜಿನವನೂ ಇದನ್ನೇ ಹೇಳಿದ. ಮೂರು ದಿನದಲ್ಲಿ ಗಾಡಿ ಎದ್ದು ನಿಂತಿತು. ನೋಡಲಿಕ್ಕೆ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಬಾರದು.

ಆದರೆ ಈ ಐದು ಇಂಚು ಎಲ್ಲಿ ಸಿಕ್ಕಿತು ಎಂದು ಮಗ ಆಗ ಕೇಳಿಕೊಳ್ಳಲಿಲ್ಲ. ಸ್ಪ್ರಿಂಗಿನಿಂದ ಮೇಲೇಳುವುದು ಛಾಸಿ ಮತ್ತು ಬಾಡಿ. ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಕೆಸರಿನಲ್ಲಿ, ಕಲ್ಲಿನಲ್ಲಿ ಮೊದಲು ತಾಗುವುದು ಅದೇ. ಅದನ್ನು ಎತ್ತುವುದು ಟಯರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. 205/70 ಆರ್15 ತೆಗೆದು 235/75 ಆರ್15 ಹಾಕಿದರೆ ಟಯರಿನ ಎತ್ತರ ಸುಮಾರು 65 ಮಿ.ಮೀ. ಹೆಚ್ಚುತ್ತದೆ, ಆಕ್ಸಲ್ಲು ಏಳುವುದು 33 ಮಿ.ಮೀ. ಎತ್ತರಿಸಿದ ಸ್ಪ್ರಿಂಗು ಮುಖ್ಯವಾಗಿ ದೊಡ್ಡ ಟಯರಿಗೆ ಜಾಗ ಮಾಡಿಕೊಡುತ್ತದೆ, ಬಂಪರ್ ಮತ್ತು ಹೊಟ್ಟೆಯನ್ನು ದಿಣ್ಣೆಯಿಂದ ತಪ್ಪಿಸುತ್ತದೆ. ಅಪ್ಪನ ತೋಟದ ದಾರಿಗೆ ಇದರಲ್ಲಿ ಎಷ್ಟು ಬೇಕಿತ್ತು? ಇಪ್ಪತ್ತು ವರ್ಷ ಆ ದಾರಿಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡದ್ದು ಬೆರಳೆಣಿಕೆಯಷ್ಟು ಸಲ.

ಸ್ಟಿಯರಿಂಗಿನ ಕಥೆ ಇನ್ನೂ ಕಷ್ಟದ್ದು. ಸ್ಟಿಯರಿಂಗ್ ಬಾಕ್ಸು ಛಾಸಿಗೆ ಕಚ್ಚಿಕೊಂಡಿರುತ್ತದೆ. ಅಲ್ಲಿಂದ ಹೊರಡುವ ಡ್ರ್ಯಾಗ್ ಲಿಂಕ್ ಎಂಬ ಸರಳು ಅಡ್ಡಡ್ಡ ಹೋಗಿ ಆಚೆ ಬದಿಯ ಚಕ್ರವನ್ನು ತಿರುಗಿಸುತ್ತದೆ. ಗಾಡಿ ಮೂಲ ಎತ್ತರದಲ್ಲಿದ್ದಾಗ ಈ ಸರಳು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿರುತ್ತದೆ. ಹಾಗಿರುವಾಗ ಚಕ್ರ ಮೇಲೆ ಕೆಳಗೆ ಆಡಿದರೂ ಎಳೆತ ಅಷ್ಟಾಗಿ ಬದಲಾಗುವುದಿಲ್ಲ. ಬಾಕ್ಸು ಐದು ಇಂಚು ಮೇಲೆ ಹೋದರೆ ಸರಳು ಇಳಿಜಾರಾಗುತ್ತದೆ. ಆಗ ಗಾಡಿಯ ಮೂತಿ ತಗ್ಗಿದಾಗಲೆಲ್ಲ ಸರಳು ನೆಟ್ಟಗಾಗುತ್ತ ಹೋಗಿ ಚಕ್ರವನ್ನು ದೂಡುತ್ತದೆ. ಡ್ರೈವರು ಸ್ಟಿಯರಿಂಗನ್ನು ಅಲುಗಾಡಿಸದೆ ಹಿಡಿದಿದ್ದರೂ ಗಾಡಿ ಪಕ್ಕಕ್ಕೆ ಹೊರಳುತ್ತದೆ.

ಗ್ಯಾರೇಜಿನವನು ಅದಕ್ಕೂ ಮದ್ದು ಮಾಡಿದ್ದ. ಹಳೆಯ ಲಿಂಕನ್ನು ಕಾಯಿಸಿ, ಎರಡು ಕಡೆ ಬಗ್ಗಿಸಿ, ಇಂಗ್ಲಿಷಿನ ಝಡ್ ಆಕಾರ ಮಾಡಿ ಹಾಕಿದ್ದ. "ಈಗ ಸೀದಾ ಆಯ್ತು ಸಾರ್" ಎಂದೂ ಹೇಳಿದ್ದ. ನೋಡಿದರೆ ನಡುಭಾಗ ಸೀದಾ ಇದ್ದದ್ದು ನಿಜವೇ. ಆದರೆ ಲೆಕ್ಕಕ್ಕೆ ಬರುವುದು ಎರಡು ತುದಿಯ ಬಾಲ್ ಜಾಯಿಂಟುಗಳ ನಡುವೆ ದಾರ ಹಿಡಿದರೆ ಬರುವ ಗೆರೆ. ನಡುವೆ ಸರಳನ್ನು ಹೇಗೆ ಬಗ್ಗಿಸಿದರೂ ಆ ಗೆರೆಯ ಇಳಿಜಾರು ಒಂದು ಕೂದಲೂ ಬದಲಾಗದು. ಝಡ್ ಆಕಾರದಿಂದ ಸಿಗುವ ಲಾಭವೆಂದರೆ ಸರಳು ಈಗ ಮೇಲೆ ಬಂದಿರುವ ಪಾಟಾಕ್ಕೆ ತಾಗದು, ಬಾಲ್ ಜಾಯಿಂಟು ತಿರುಚಿ ಬಿಗಿದುಕೊಳ್ಳದು. ಇಷ್ಟೇ. ಅದನ್ನೇ ಸ್ಟಿಯರಿಂಗ್ ಸರಿಪಡಿಸುವುದು ಎಂದು ಮಾರುವವರು ಬಹಳ ಮಂದಿ ಇದ್ದಾರೆ. ಅಲ್ಲದೆ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಸರಳಿನ ಬಲ ಎಷ್ಟು ಉಳಿದಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಪುಣೆಯಿಂದ ಸುಮಾರು 700 ಕಿ.ಮೀ. ಹೈವೇಯಲ್ಲಿ ಗಾಡಿ ಸ್ವಲ್ಪ ಅಲೆದಾಡಿತು, ಅಷ್ಟೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು. ಚಿಕ್ಕಮಗಳೂರು ದಾಟಿ ಮೂಡಿಗೆರೆ ಕಡೆಗೆ ಹೋಗುವಾಗ ಒಂದು ಇಳಿಜಾರಿನ ತಿರುವಿನಲ್ಲಿ ದನವೊಂದು ರಸ್ತೆಗೆ ಬಂತು. ಅವನು ಬ್ರೇಕು ಒತ್ತಿದ. ಅದೇ ಹೊತ್ತಿಗೆ ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಜಿಪ್ಸಿ ಅವನ ಕೈ ಮೀರಿ ಪಕ್ಕಕ್ಕೆ ಜಿಗಿಯಿತು. ಎದುರಿಗೆ ಬಸ್ಸು. ಬಸ್ಸಿನ ಡ್ರೈವರು ಚರಂಡಿಯ ಅಂಚಿಗೆ ಇಳಿಸಿದ್ದರಿಂದ ಎರಡರ ನಡುವೆ ಒಂದು ಮೊಳ ಜಾಗ ಉಳಿಯಿತು. ಬೈಗುಳ ಕೇಳಿಸಿಕೊಂಡು ಅವನು ಗಾಡಿ ಪಕ್ಕಕ್ಕೆ ಹಾಕಿದ. ಮಗಳು "ಪಪ್ಪಾ, ಯಾಕೆ ಆ ಕಡೆ ಹೋದೆ?" ಎಂದು ಕೇಳಿದಳು. "ದನ ಬಂತಲ್ಲ ಪುಟ್ಟಾ" ಅಂದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಬಾಗಿಲು ಹಾಕಿ ಕಣದ ಕಡೆ ನಡೆದರು.

ವಾಪಸು ಪುಣೆಗೆ ಅವನು ಹೆಂಡತಿ ಮಗಳನ್ನು ಬಸ್ಸಿನಲ್ಲಿ ಕಳಿಸಿ, ಜಿಪ್ಸಿಯನ್ನು ಟ್ರಕ್ಕಿನ ಮೇಲೆ ಹಾಕಿಸಿದ. ಹೆಂಡತಿ ಅವನ ಮುಖ ನೋಡಿದಳು, ಏನೂ ಕೇಳಲಿಲ್ಲ.

ಭೋಸರಿಯಲ್ಲಿ ಲಾರಿಗಳ ಪಾಟಾ ಕಟ್ಟುವ ಒಂದು ಶೆಡ್ಡು ಸಿಕ್ಕಿತು. ಅಲ್ಲಿನ ಮೇಸ್ತ್ರಿ ವಿಜಯಪುರದ ಕಡೆಯವರು. ಫೋನಿನಲ್ಲಿ ಮನೆಯವರೊಂದಿಗೆ ಆಡುತ್ತಿದ್ದ ಮಾತು ಕೇಳಿ ಇವನು ಕನ್ನಡದಲ್ಲೇ ಶುರುಮಾಡಿದ. ಸ್ಪ್ರಿಂಗ್‌ಓವರ್ ತೆಗೆಯಬೇಕು, ಎರಡು ಇಂಚಿನ ಲಿಫ್ಟ್ ಸಾಕು, ಒಂದು ಪ್ಲೇಟು ಜಾಸ್ತಿ ಹಾಕಿದರೆ ಆಗುತ್ತದಾ ಎಂದು ಕೇಳಿದ.

"ಎತ್ರ ಆಮ್ಯಾಲ ನೋಡೂಣ್ರಿ. ಗಾಡ್ಯಾಗ ಯಾರ್ ಕುಂದರತಾರ, ಅದನ್ನ ಹೇಳ್ರಿ ಮೊದಲ."

ಈ ಪ್ರಶ್ನೆಯನ್ನು ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ಅಪ್ಪ ಒಬ್ಬರೇ, ಕೆಲವು ಸಲ ಹಿಂದೆ ನಾಲ್ಕು ಚೀಲ, ವರ್ಷಕ್ಕೆರಡು ಸಲ ನಾವೆಲ್ಲ, ಎಂದ. ಮೇಸ್ತ್ರಿ ವೇಬ್ರಿಡ್ಜಿಗೆ ಹೋಗಿ ಬರಲು ಹೇಳಿದರು. ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಂದು ತೂಕ, ಹಿಂದಿನದು ಮಾತ್ರ ನಿಲ್ಲಿಸಿ ಇನ್ನೊಂದು. "ಪಾಟಾ ಎತ್ರಕ್ಕ ಮಾಡೂದಲ್ರಿ, ತೂಕಕ್ಕ ಮಾಡೂದು."

ಪ್ಲೇಟು ಹೆಚ್ಚಿಸುವ ಯೋಚನೆ ಅಲ್ಲೇ ಬಿತ್ತು. ಒಂದು ಪ್ಲೇಟು ಸೇರಿಸಿದರೆ ಎತ್ತರಕ್ಕಿಂತ ಮೊದಲು ಬಿಗಿ ಹೆಚ್ಚುತ್ತದೆ. ದಪ್ಪ ಹೆಚ್ಚಿಸಿದರಂತೂ ಕೇಳುವುದೇ ಬೇಡ. ಬಿಗಿ ಎನ್ನುವುದು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 6 ಮಿ.ಮೀ. ಪ್ಲೇಟಿನ ಬದಲು 7 ಮಿ.ಮೀ. ಹಾಕಿದರೆ ಆ ಪ್ಲೇಟು ಸುಮಾರು 60% ಹೆಚ್ಚು ಬಿಗಿ. ಹೆಚ್ಚುಕಡಿಮೆ ಒಂದು ಟನ್ನಿನ ಗಾಡಿಯಲ್ಲಿ ಅಪ್ಪ ಒಬ್ಬರೇ ಕೂತು ಹೋದರೆ ಅಂಥ ಪಾಟಾ ಬಗ್ಗುವುದೇ ಇಲ್ಲ. ಪ್ರತಿ ಕಲ್ಲೂ ನೇರ ಸೊಂಟಕ್ಕೆ. ಬಿಗಿಯಾದ ಪಾಟಾದ ಗಾಡಿಯ ಚಕ್ರ ಹಳ್ಳಕ್ಕೆ ಇಳಿಯುವ ಬದಲು ಗಾಳಿಯಲ್ಲಿ ತೂಗಾಡುತ್ತದೆ, ಅಂದರೆ ಕಚ್ಚಾ ದಾರಿಯಲ್ಲಿ ಬೇಕಾದ ಹಿಡಿತವೂ ಹೋಯಿತು. ಉದ್ದದ ಷಾಕಲ್ ಹಾಕುವ ಅಗ್ಗದ ದಾರಿಯೂ ಇದೆ. ಅದರಲ್ಲಿ ಷಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟೇ ಗಾಡಿ ಏಳುವುದು. ಜೊತೆಗೆ ಜಿಪ್ಸಿಯ ಮುಂದಿನ ಷಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವುದರಿಂದ ಆಕ್ಸಲ್ಲು ಮುಂದಕ್ಕೆ ವಾಲಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನಾಗಿ ನೆಟ್ಟಗಾಗುವ ಗುಣ ಇರುವುದು ಆ ಕ್ಯಾಸ್ಟರಿನಿಂದಲೇ.

ಮೇಸ್ತ್ರಿ ಹಳೆಯ ಪಾಟಾಗಳನ್ನು ಬಿಚ್ಚಿ, ಮೂಲ ಅಳತೆಯಲ್ಲಿ ಮಾಡಿದ ಹೊಸದೊಂದರ ಪಕ್ಕ ನೆಲದ ಮೇಲೆ ಇಟ್ಟರು. ಕಮಾನಿನ ಎತ್ತರದಲ್ಲಿ ಒಂದೂವರೆ ಇಂಚು ವ್ಯತ್ಯಾಸ. ಇಪ್ಪತ್ತು ವರ್ಷದ ಗೊಬ್ಬರ, ಕಾಫಿ ಹೊತ್ತು ಹೊತ್ತು ಕಬ್ಬಿಣ ಕುಸಿದಿತ್ತು. ಗೆಳೆಯರ ಗಾಡಿಗಳ ನಡುವೆ ಕುಳ್ಳಾಗಿ ಕಂಡದ್ದಕ್ಕೆ ಒಂದು ಕಾರಣ ಇದೇ. ಹಳೆಯದನ್ನೇ ಬಡಿದು ಬಗ್ಗಿಸಿ ಕೊಡಲು ಬರುವುದಿಲ್ಲವೇ ಎಂದಾಗ ಅವರು, "ಬಡದ ಕೊಡ್ತೀನ್ರಿ, ಆರ್ ತಿಂಗಳಿಗೆ ಮತ್ತ ಕುಸೀತೈತಿ. ಸರಿಯಾಗಿ ಕಾಸಿ ಎಣ್ಯಾಗ ಅದ್ದಿ ಹದ ಮಾಡಿದ್ರ ನಿಲ್ಲತೈತಿ, ಆದ್ರ ಆ ರೊಕ್ಕಕ್ಕ ಹೊಸಾದ ಬರ್ತೈತಿ" ಎಂದರು. ತಮ್ಮ ಕೆಲಸ ಕಡಿಮೆಯಾಗುವ ಸಲಹೆ ಅದು.

ಕೊನೆಗೆ ಪಾಟಾ ಆಕ್ಸಲ್ಲಿನ ಕೆಳಗೇ ಹೋಯಿತು. ಮೂಲ ಅಳತೆಯ ಹೊಸ ಸೆಟ್ಟು, ಹೊಸ ಬುಷ್, ಹೊಸ ಯು-ಬೋಲ್ಟು. ನೆಟ್ಟಗಿನ ಹೊಸ ಡ್ರ್ಯಾಗ್ ಲಿಂಕ್, ನಾಲ್ಕೂ ಬಾಲ್ ಜಾಯಿಂಟು, ಸ್ಟಿಯರಿಂಗ್ ಡ್ಯಾಂಪರ್. ಟಯರು ಮೂಲ ಸೈಜಿನದೇ. ಸ್ಪ್ರಿಂಗ್‌ಓವರನ್ನೇ ಉಳಿಸಿಕೊಳ್ಳುವುದಾದರೆ ನಕಲ್ಲಿನ ಮೇಲೆ ಎತ್ತರದ ತೋಳು ಕೂರಿಸಿ, ಲಿಂಕನ್ನು ಪಾಟಾದ ಮೇಲಿಂದ ಒಯ್ದು, ತುದಿಗಳ ನಡುವಿನ ಗೆರೆಯನ್ನೇ ಸಮ ಮಾಡಬೇಕಿತ್ತು. ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಪ್ರೊಪೆಲ್ಲರ್ ಶಾಫ್ಟು ಎಲ್ಲವನ್ನೂ ಆ ಎತ್ತರಕ್ಕೆ ಹೊಂದಿಸಬೇಕಿತ್ತು. ಬಾಡಿ ಎತ್ತುವ ಖರ್ಚಿಗಿಂತ ಈ ಖರ್ಚು ದೊಡ್ಡದು. ಅದನ್ನು ಮೊದಲೇ ತೆಗೆದಿಡದವರು ಐದು ಇಂಚಿಗೆ ಕೈ ಹಾಕಬಾರದು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ವಾರಾಂತ್ಯದ ಗುಂಪುಗಳಲ್ಲಿ ಈ ವಿಷಯ ಬಂದರೆ ಜನ ಚಹಾ ತರಲು ಎದ್ದು ಹೋಗುತ್ತಾರೆ.

ಮೊದಲ ಗ್ಯಾರೇಜಿನವನನ್ನು ಬೈಯಲು ಅವನಿಗೆ ಪೂರ್ತಿ ಮನಸ್ಸು ಬರಲಿಲ್ಲ. ಎತ್ತರ ಬೇಕು ಎಂದು ಕೇಳಿದ್ದು ತಾನು. ಆತ ಎತ್ತರ ಕೊಟ್ಟ.

ಸಂಕ್ರಾಂತಿಗೆ ಜಿಪ್ಸಿಯನ್ನು ತೋಟಕ್ಕೆ ಬಿಟ್ಟುಬರಲು ಹೋದ. ದಾರಿಯಲ್ಲಿ ಆ ತಿರುವಿಗೆ ಬಂದಾಗ ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಬೇಕೆಂದೇ ಬ್ರೇಕು ಒತ್ತಿದ. ಗಾಡಿ ಮೂತಿ ತಗ್ಗಿಸಿತು, ಸೀದಾ ನಿಂತಿತು. ರಾತ್ರಿ ಊಟವಾದ ಮೇಲೆ ಅಪ್ಪನ ಹತ್ತಿರ ಬಸ್ಸಿನ ವಿಷಯ ಹೇಳಿದ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಪಾಪು ಮುಂದೆ ಕೂತಿದ್ಲಾ, ಹಿಂದೆ ಕೂತಿದ್ಲಾ?" ಎಂದು ಕೇಳಿದರು. ಹಿಂದೆ, ಅಂದ. ಆಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ.

ಬೆಳಿಗ್ಗೆ ಅಪ್ಪ ಬಾಗಿಲ ಕಂಬಿ ಹಿಡಿದು, ಎಡಗಾಲು ಮೊದಲು ಇಟ್ಟು, ಒಂದು ಸಲ ಉಸಿರುಬಿಟ್ಟು ಹತ್ತಿ ಕೂತರು. ಒಬ್ಬರೇ ಮೇಲಿನ ತೋಟದ ತನಕ ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬಂದರು.

"ಹಿಂದುಗಡೆ ಎಡಕ್ಕೆ ಏನೋ ಕಿರ್ ಅಂತದೆ ಕಣೋ. ಹೊಸ ಬುಷ್ಷು ಅಂತೀಯ, ಸರಿಯಾಗಿ ನೋಡ್ಲಿಲ್ವಾ ಅವ್ನು?"

ಮಗ ಸ್ಪ್ಯಾನರ್ ಹುಡುಕಲು ಶೆಡ್ಡಿಗೆ ಹೋದ.