ತಲೆಯೆತ್ತದ ಗಂತಿ

ಕರುಳೆಂದರೆ ನಮ್ಮ ನುಡಿಯಲ್ಲಿ ಮಮತೆ. ಮಗುವನ್ನು ಕರುಳ ಕುಡಿಯೆನ್ನುತ್ತೇವೆ. ಪರರ ದುಃಖವನ್ನು ಕಂಡು ಕರುಳು ಕರಗಿತೆನ್ನುತ್ತೇವೆ. ಇಷ್ಟು ಗೌರವ ಪಡೆದ ಅವಯವದ ನಿತ್ಯದ ಕೆಲಸವನ್ನು ಕುರಿತು ಮಾತ್ರ ನಾಲ್ವರೆದುರಿಗೆ ಬಾಯಿ ಬಿಡಲು ನಾಚಿಕೆ. ನಮ್ಮಣ್ಣನು ಈ ನಾಚಿಕೆಯಿಂದಲೇ, ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿಯೆಂದು ತನಗೆ ತಾನೇ ಹೇಳಿಕೊಂಡು ಆರು ತಿಂಗಳು ಸುಮ್ಮನಿದ್ದನು. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯುವ ವೇಳೆಗೆ ಅದು ಯಕೃತ್ತಿಗೂ ಹಬ್ಬಿದ್ದಿತು. ತೀರಿಕೊಂಡಾಗ ಅವನಿಗೆ ೫೮ ವರ್ಷ.

ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ನಮಗೂ ಬರುವ ಸಂಭವ ಹೆಚ್ಚು. ವೈದ್ಯರು ಹೀಗೆಂದು ಎಚ್ಚರಿಸಿದ ಮೇಲೂ ಒಂದು ವರ್ಷ ಕಾಲಹರಣ ಮಾಡಿ, ಕಡೆಗೆ ಮನೆಯಾಕೆಯ ಬಲವಂತಕ್ಕೆ ಒಳಗಾಗಿ ಪರೀಕ್ಷೆಗೆ ಒಪ್ಪಿದೆನು. ಹಿಂದಿನ ದಿನದ ಪಾಡನ್ನು ವರ್ಣಿಸಿ ವಾಚಕರ ಊಟ ಕೆಡಿಸಲಾರೆ. ಕರುಳನ್ನು ತೊಳೆಯುವ ಔಷಧದ ನೀರು ನಾಲ್ಕನೆಯ ಲೋಟಕ್ಕೆ ಸಾಕೆನಿಸಿತು. ಹಾಲು ಕುಡಿಯದ ಮಗುವಿನೆದುರಿಗೆ ನಿಲ್ಲುವಂತೆ ಆಕೆ ನಿಂತು, ಉಳಿದುದೆಲ್ಲವನ್ನೂ ಕುಡಿಸಿದಳು.

ಗಂತಿಯೆಂದರೆ ನಾಯಿಕೊಡೆಯಂತೆ ತೊಟ್ಟಿನ ಮೇಲೆ ಎದ್ದು ನಿಂತಿರುತ್ತದೆಂದೂ, ವರ್ಷಾಂತರದಲ್ಲಿ ಬೆಳೆದು ಕ್ಯಾನ್ಸರ್ ಆಗಬಹುದೆಂದೂ, ಕಂಡೊಡನೆ ಕೊಯ್ದರೆ ಮುಗಿಯಿತೆಂದೂ ನಾನು ತಿಳಿದಿದ್ದೆನು. ಅಂಥದೊಂದು ನನ್ನಲ್ಲಿಯೂ ಇದ್ದಿತು. ಅದರಲ್ಲಿ ಕೇಡೇನೂ ಇರಲಿಲ್ಲ. ವೈದ್ಯರು ಆಮೇಲೆ ತೋರಿಸಿದ ಇನ್ನೊಂದು ಚಿತ್ರದಲ್ಲಿ ನನಗೆ ಏನೂ ಕಾಣಲಿಲ್ಲ. ಎಳೆಗೆಂಪು ಪೊರೆ, ಒಂದೆಡೆ ರಕ್ತನಾಳದ ಗೆರೆಗಳು ಅಳಿಸಿಹೋದಂತೆ ಇದ್ದವು, ಅಷ್ಟೆ. ಅದೇ ಜಾಗಕ್ಕೆ ನೀಲಿ ನೀರನ್ನು ಚಿಮುಕಿಸಿ ತೆಗೆದ ಮುಂದಿನ ಚಿತ್ರದಲ್ಲಿ, ಮಳೆ ನಿಂತ ಮೇಲೆ ಅಂಗಳದ ತಗ್ಗು ತಾನಾಗಿ ಕಾಣುವಂತೆ, ಬಣ್ಣವು ನಡುವಣ ಹಳ್ಳದಲ್ಲಿ ನಿಂತು, ಹುಣಸೆಬೀಜದಷ್ಟಗಲದ ಚಪ್ಪಟೆಯ ಗಂತಿಯ ಅಂಚು ಸ್ಪಷ್ಟವಾಗಿದ್ದಿತು. ಕರುಳು ಸ್ವಚ್ಛವಾಗಿಲ್ಲದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಎಂದರು ವೈದ್ಯರು. ನಾನು ಮನೆಯಾಕೆಯ ಮುಖ ನೋಡಲಿಲ್ಲ.

ಇಂಥ ಗಂತಿಗಳನ್ನು ಜಪಾನಿನ ವೈದ್ಯರು ೧೯೮೦ರ ದಶಕದಲ್ಲಿಯೇ ವಿವರಿಸಿದ್ದರು. ಅದು ಆ ದೇಶದವರಿಗೇ ವಿಶೇಷವಾದ ರೋಗವಿರಬೇಕೆಂದು ಪಶ್ಚಿಮದವರು ಬಹುಕಾಲ ಎಣಿಸಿದ್ದರಂತೆ. ನೋಡಲು ಕಲಿಯದವನಿಗೆ ಪದಾರ್ಥವೇ ಇಲ್ಲವೆಂದು ತೋರುವುದು ಸಹಜವಷ್ಟೆ! ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯ ವೈದ್ಯರು, ಕಣ್ಣನ್ನು ಪಳಗಿಸಿಕೊಂಡು ೧೮೧೯ ಜನರನ್ನು ಪರೀಕ್ಷಿಸಿ, ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ೧೭೦ ಜನರಲ್ಲಿ, ಎಂದರೆ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ, ಎದ್ದು ನಿಲ್ಲದ ಗಂತಿಗಳಿದ್ದವು. ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಇವುಗಳಲ್ಲಿ ಕ್ಯಾನ್ಸರ್ ಇರುವ ಸಂಭವ ಎದ್ದು ನಿಂತವುಗಳಿಗಿಂತ ಸುಮಾರು ಹತ್ತರಷ್ಟೆಂದು ಕಂಡಿತು. ಅವರಲ್ಲಿ ಬಹುಪಾಲು ವಯಸ್ಸಾದ ಗಂಡಸರೆಂಬುದನ್ನು ಮರೆಯಬಾರದು. ೨೦೦೪ರ ಮತ್ತೊಂದು ಅಮೆರಿಕನ್ ಅಧ್ಯಯನದಲ್ಲಿ ಬರಿಯ ಚಪ್ಪಟೆಯ ಗಂತಿಗಳು ಇತರವುಗಳಿಗಿಂತ ಹೆಚ್ಚು ಕೆಟ್ಟವೆಂದು ಕಂಡುಬರಲಿಲ್ಲ. ಆದ್ದರಿಂದ ಚಪ್ಪಟೆಯೆಂದ ಮಾತ್ರಕ್ಕೆ ಹೌಹಾರಬೇಕಾಗಿಲ್ಲ. ಭಯಪಡಬೇಕಾದುದು ನಡುವೆ ಹಳ್ಳಬಿದ್ದುದಕ್ಕೆ. ಅದು ವಿರಳ, ಆದರೆ ಪಾಲೊ ಆಲ್ಟೊದಲ್ಲಿ ಅಂಥವುಗಳ ಪೈಕಿ ಮೂರರಲ್ಲೊಂದರಲ್ಲಿ ಕ್ಯಾನ್ಸರ್ ಇದ್ದಿತು.

ನನ್ನದು ಹಳ್ಳಬಿದ್ದುದೇ. ಅದರ ಅಡಿಗೆ ಸೂಜಿಯಿಂದ ಉಪ್ಪುನೀರು ತುಂಬಿ, ಬೊಬ್ಬೆಯಂತೆ ಎಬ್ಬಿಸಿ, ತಂತಿಯ ಕುಣಿಕೆಯಿಂದ ಕೊಯ್ದಿದ್ದರು. ಪ್ರಯೋಗಶಾಲೆಯ ವರದಿ ಬರಲು ಎಂಟು ದಿನ ಹಿಡಿಯಿತು. ಆ ಎಂಟು ರಾತ್ರಿಯೂ ಅಣ್ಣನ ಕೆಮ್ಮು ಪಕ್ಕದ ಕೋಣೆಯಿಂದ ಕೇಳಿಸಿದಂತಾಗುತ್ತಿದ್ದಿತು. ಜೀವಕಣಗಳು ಕೆಡಲು ತೊಡಗಿದ್ದರೂ ಕ್ಯಾನ್ಸರ್ ಆಗಿರಲಿಲ್ಲವೆಂದು ವರದಿ ಹೇಳಿತು. ಮತ್ತೆ ಪರೀಕ್ಷೆಗೆ ಹೋಗುವ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿದ್ದೇನೆ.

ಉಳಿದವಳು ಶಿವಮೊಗ್ಗದ ತಂಗಿ. "ಅಣ್ಣಯ್ಯ, ನನಗೇನೂ ಆಗಿಲ್ಲವಲ್ಲ, ಆ ಪರೀಕ್ಷೆಯೇಕೆ?" ಎಂದು ಎರಡು ಸಲ ಮಾತು ತಪ್ಪಿಸಿದಳು. ನನಗೂ ಏನೂ ಆಗಿರಲಿಲ್ಲ ಕಣಮ್ಮ, ಎಂದೆನು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ ಅತ್ತಿಗೆಗೆ ಕೊಡು ಎಂದಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನಾನರಿಯೆ. ಸೋಮವಾರ ಪರೀಕ್ಷೆ. ಮನೆಯಾಕೆ ಶನಿವಾರದ ಬಸ್ಸಿಗೆ ಹೊರಡುತ್ತಾಳೆ, ಲೋಟ ಎಣಿಸುವುದಕ್ಕೆ.