ಸವೆಯದ ಟೈರನ್ನು ಯಾಕೆ ಬಿಚ್ಚಬೇಕು?

ಕಾರಿನ ಮಾತು ಬಂದರೆ ಹಾಸ್ಟೆಲಿನಲ್ಲಿ ಮೊದಲು ಕೇಳೋದು "ಎಷ್ಟು ಬಿಎಚ್‌ಪಿ?" ಅಂತ. ಆಮೇಲೆ ಟಾರ್ಕು. ಆಮೇಲೆ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು. "ಟೈರ್ ಯಾವುದು?" ಅಂತ ಕೇಳಿದವರನ್ನು ನಾಲ್ಕು ವರ್ಷದಲ್ಲಿ ನಾವು ಕಾಣಲಿಲ್ಲ. ನಮ್ಮ ಕಡೆ ಟೈರ್ ಅಂದರೆ ಬೋಳಾದಾಗ ಬದಲಾಯಿಸುವ ವಸ್ತು, ಅಷ್ಟೆ. ಜರ್ಮನಿಯಲ್ಲಿ ನಾವು ಇನ್ನೂ ಸವೆಯದ ನಾಲ್ಕು ಟೈರುಗಳನ್ನು ಬಿಚ್ಚಿಟ್ಟು, ಇನ್ನೊಂದು ಸೆಟ್‌ಗೆ ದುಡ್ಡು ಹೊಂದಿಸಿದೆವು. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೆಟೀರಿಯಲ್ ಸೈನ್ಸ್ ಪರೀಕ್ಷೆಗೆ ಮಾತ್ರ ಅಂದುಕೊಂಡಿರುವ ಜೂನಿಯರ್‌ಗಳು ಓದಲಿ ಅಂತ.

ನಾವು ಅಂದರೆ ಮೂವರು, ಇದೇ ಕಾಲೇಜಿನ ಮೆಕ್ಯಾನಿಕಲ್‌ನವರು. ದಕ್ಷಿಣ ಜರ್ಮನಿಯ ರಾಯ್ಟ್ಲಿಂಗನ್‌ನಲ್ಲಿ ಒಂದೇ ಮನೆಯಲ್ಲಿದ್ದೇವೆ. ನಮ್ಮಲ್ಲಿ ಇಬ್ಬರು ಇನ್ನೂ ಓದುತ್ತಿದ್ದೇವೆ, ಒಬ್ಬ ಕೆಲಸಕ್ಕೆ ಸೇರಿದ್ದಾನೆ. ಮೂವರೂ ಸೇರಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಟೊಯೊಟಾ ಜಿಟಿ86. 'ಇನಿಷಿಯಲ್ ಡಿ' ನೋಡಿದವರಿಗೆ ಆ 86 ಅನ್ನುವ ಸಂಖ್ಯೆಯ ಮಹಿಮೆ ಹೇಳಬೇಕಾಗಿಲ್ಲ. ಟೊಯೊಟಾ, ಸುಬಾರು ಎರಡೂ ಸೇರಿ ಮಾಡಿದ ಕಾರು. 2 ಲೀಟರಿನ ಬಾಕ್ಸರ್ ಎಂಜಿನ್, 200 ಕುದುರೆ ಶಕ್ತಿ, ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. ಹಿಂದಿನ ಮಾಲೀಕರು ಹೊಸ ಬೇಸಿಗೆ ಟೈರ್ ಹಾಕಿಸಿಕೊಟ್ಟಿದ್ದರು. ಬಟನ್ ಎಲ್ಲ ಹಾಗೇ ಇತ್ತು.

ತೊಂದರೆ ಇದ್ದದ್ದು ಕೆಲಸದ ಜಾಗದಲ್ಲಿ. ಗೆಳೆಯನ ಫ್ಯಾಕ್ಟರಿ ಇರೋದು ಶ್ವಾಬಿಷ್ ಆಲ್ಬ್ ಎಂಬ ಎತ್ತರದ ಬಯಲಿನ ಮೇಲೆ. ಅಲ್ಲಿನ ಚಳಿ, ಗಾಳಿಗೆ ಈ ಜನ ಅದನ್ನು 'ರೌಹೆ ಆಲ್ಬ್', ಅಂದರೆ ಒರಟು ಆಲ್ಬ್ ಅಂತಾನೇ ಕರೆಯುತ್ತಾರೆ. ನಮ್ಮ ಊರಿನಿಂದ ಬಿ312 ರಸ್ತೆ ಹಿಡಿದು ಹೊನಾವ್ ಘಾಟಿ ಹತ್ತಬೇಕು. ಮೊದಲ ಪಾಳಿ ಬೆಳಿಗ್ಗೆ 6ಕ್ಕೆ. ಆ ಹೊತ್ತಿಗೆ ತಲುಪಿಸುವ ಬಸ್ಸು ಅವನಿಗೆ ಇಲ್ಲ. ಪ್ರೊಬೇಷನ್ ಬೇರೆ. ಕೆಳಗೆ ನಮ್ಮ ಮನೆ ಹತ್ತಿರ ಮಳೆ ಬೀಳುವಾಗ ಮೇಲೆ ಹಿಮ ಬೀಳುತ್ತಿರುತ್ತದೆ. ಕಾರನ್ನು ಚಳಿಗಾಲ ಮುಗಿಯುವ ತನಕ ಮುಚ್ಚಿಡುವ ಹಾಗಿಲ್ಲ. ಹಾಗೇ ಓಡಿಸುವ ಹಾಗೂ ಇಲ್ಲ.

ಇಲ್ಲಿನ ಕಾನೂನು ತಾರೀಖು ಹೇಳುವುದಿಲ್ಲ, ರಸ್ತೆಯ ಸ್ಥಿತಿ ಹೇಳುತ್ತದೆ. ರಸ್ತೆ ಮೇಲೆ ಮಂಜುಗಡ್ಡೆ, ಗಟ್ಟಿಯಾದ ಹಿಮ, ಕೆಸರಿನಂಥ ಹಿಮ ಇದ್ದರೆ ಅದಕ್ಕೆ ತಕ್ಕ ಟೈರ್ ಇರಲೇಬೇಕು. ಇಲ್ಲದಿದ್ದರೆ 60 ಯೂರೊ ದಂಡ, ಲೈಸೆನ್ಸ್ ಲೆಕ್ಕದಲ್ಲಿ ಒಂದು ಪಾಯಿಂಟ್. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು. ಬರೀ 'ಎಂ ಪ್ಲಸ್ ಎಸ್' ಅಂತ ಬರೆದದ್ದು 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ. ಜನರ ಬಾಯಲ್ಲಿರುವ ನಿಯಮ ಇನ್ನೂ ಸುಲಭ: 'ಓ ಇಂದ ಓ ವರೆಗೆ'. ಅಂದರೆ ಒಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್ ಹಬ್ಬದ ತನಕ.

ಕಾನೂನು ಬಿಡಿ, ರಬ್ಬರ್ ಏನು ಹೇಳುತ್ತದೆ ನೋಡಿ. ಗ್ಲಾಸ್ ಟ್ರಾನ್ಸಿಷನ್ ಟೆಂಪರೇಚರ್ ಅಂತ ಎರಡು ಮಾರ್ಕಿಗೆ ಬರೆದಿದ್ದೀರಲ್ಲ, ಅದೇ ಇಲ್ಲಿ ಆಟವಾಡುವುದು. ಉಷ್ಣತೆ ಇಳಿದಂತೆ ರಬ್ಬರ್ ಬಿಗಿಯುತ್ತಾ ಹೋಗುತ್ತದೆ. ಬೇಸಿಗೆ ಟೈರಿನ ಮಿಶ್ರಣ ಬಿಸಿ ರಸ್ತೆಗೆ ಮಾಡಿದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಅದು ರಸ್ತೆಯ ಸಣ್ಣ ಉಬ್ಬು ತಗ್ಗುಗಳಿಗೆ ಒಗ್ಗಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ ಅನ್ನುವುದು ಇಲ್ಲಿನ ರೂಢಿಯ ಲೆಕ್ಕ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಜೊತೆಗೆ ಅದರ ಒಂದೊಂದು ಬಟನ್ ಮೇಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು. ಅವು ಹಿಮವನ್ನು ಕಚ್ಚುತ್ತವೆ. ಹಿಮ ಗಾಡಿಗಳ ನಡುವೆ ತುಂಬಿಕೊಂಡರೂ ಒಳ್ಳೆಯದೇ, ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ.

"ನಿಧಾನಕ್ಕೆ ಓಡಿಸ್ತೀನಿ ಬಿಡ್ರೋ, ಹಿಮ ಬೀಳೋದು ಎಷ್ಟು ದಿನ?" ಅಂದ ಗೆಳೆಯ. ಸರಿ, ಲೆಕ್ಕ ಹಾಕೋಣ ಅಂತ ಕೂತೆವು. ಬ್ರೇಕ್ ಹಾಕಿದ ಮೇಲೆ ಕಾರು ಓಡುವ ದೂರ ವೇಗದ ವರ್ಗಕ್ಕೆ ಅನುಪಾತ, ಮ್ಯೂಗೆ ವಿಲೋಮ. ಗಂಟೆಗೆ 50 ಕಿ.ಮೀ. ವೇಗ, ಒಣ ರಸ್ತೆ, ಮ್ಯೂ 0.8 ಅಂತಿಟ್ಟುಕೊಂಡರೆ 12 ಮೀಟರ್. ಹಿಮದ ಮೇಲೆ ಒಂದು ಟೈರಿಗೆ ಮ್ಯೂ 0.3, ಇನ್ನೊಂದಕ್ಕೆ 0.2 ಅಂತಿಟ್ಟುಕೊಳ್ಳಿ. ಮೊದಲನೆಯದು 33 ಮೀಟರಿಗೆ ನಿಂತಿತು. ಎರಡನೆಯದಕ್ಕೆ 49 ಮೀಟರ್ ಬೇಕು. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ ಎಷ್ಟು ವೇಗದಲ್ಲಿರುತ್ತೆ ಅಂತ ಕಂಡುಹಿಡಿದಾಗ ಉತ್ತರ ಬಂದದ್ದು ಗಂಟೆಗೆ 29 ಕಿ.ಮೀ. ಆ ಜಾಗದಲ್ಲಿ ಒಬ್ಬರು ರಸ್ತೆ ದಾಟುತ್ತಿದ್ದರೆ? ಅಲ್ಲಿಗೆ ಅವನ ವಾದ ಮುಗಿಯಿತು. ಈ ಸಮೀಕರಣದಲ್ಲಿ ಎಲ್ಲೂ ಬಿಎಚ್‌ಪಿ ಇಲ್ಲ, ಕಾರಿನ ತೂಕವೂ ಇಲ್ಲ. ಇರೋದು ವೇಗ, ಮ್ಯೂ ಎರಡೇ.

ಇನ್ನು ಯಾವ ಟೈರ್, ಯಾವ ರಿಮ್ ಅನ್ನುವ ಜಗಳ. ಒಬ್ಬನ ಮಾತು: ಆಲ್ ಸೀಸನ್ ಹಾಕಿ, ವರ್ಷವಿಡೀ ಚಿಂತೆ ಇಲ್ಲ. ಬೆಟ್ಟದ ಗುರುತು ಇರುವ ಆಲ್ ಸೀಸನ್ ಕಾನೂನಿಗೆ ಒಪ್ಪಿತ. ಕೆಳಗಿನ ಊರಲ್ಲಷ್ಟೇ ಓಡಾಡುವವರಿಗೆ ಸಾಕು. ಆದರೆ ಅದು ಎರಡೂ ಕಾಲದ ನಡುವಿನ ರಾಜಿ. ದಿನಾ ಘಾಟಿ ಹತ್ತುವವನಿಗೆ ರಾಜಿ ಬೇಡ ಅಂದೆವು. ಇನ್ನೊಂದು ಸಲಹೆ: ಹಿಂದಿನ ಚಕ್ರಕ್ಕಷ್ಟೇ ಎಂಜಿನ್ ಅಲ್ವಾ, ಹಿಂದೆ ಎರಡು ಹಾಕಿದರೆ ಸಾಲದಾ? ಘಾಟಿ ಹತ್ತಬಹುದು. ಆದರೆ ತಿರುವಿನಲ್ಲಿ ತಿರುಗಬೇಕಾದದ್ದು ಮುಂದಿನ ಚಕ್ರ, ಬ್ರೇಕಿನ ಹೆಚ್ಚು ಭಾರ ಹೊರುವುದೂ ಮುಂದಿನದೇ. ನಾಲ್ಕೂ ಒಂದೇ ಇರಬೇಕು.

ಆಮೇಲೆ ಅಗಲ. ಸ್ಪೋರ್ಟ್ಸ್ ಕಾರಿಗೆ ಟೈರ್ ಅಗಲ ಇದ್ದಷ್ಟೂ ಚೆಂದ, ಒಣ ರಸ್ತೆಯಲ್ಲಿ ಹಿಡಿತವೂ ಹೆಚ್ಚು. ಹಿಮದಲ್ಲಿ ಲೆಕ್ಕ ತಿರುಗುಮುರುಗು. ಸಣ್ಣ ಟೈರ್ ಹಿಮವನ್ನು, ಕೆಸರನ್ನು ಸೀಳಿಕೊಂಡು ಕೆಳಗಿನ ರಸ್ತೆ ಮುಟ್ಟುತ್ತದೆ. ಅಗಲದ್ದು ಮೇಲೆ ತೇಲುತ್ತದೆ. ಕಾರಿನ ಜೊತೆ ಬಂದದ್ದು 215/45 ಆರ್ 17. ನಾವು ಆರಿಸಿದ್ದು 205/55 ಆರ್ 16. ಹೊರ ವ್ಯಾಸ ಲೆಕ್ಕ ಹಾಕಿದರೆ ಮೊದಲನೆಯದು 625 ಮಿ.ಮೀ., ಎರಡನೆಯದು 632. ವ್ಯತ್ಯಾಸ ಶೇಕಡ 1ರಷ್ಟು, ಸ್ಪೀಡೋಮೀಟರ್ ಹೆಚ್ಚು ಕೆಡುವುದಿಲ್ಲ. ರಿಮ್ ಚಿಕ್ಕದಾದ್ದರಿಂದ ಟೈರಿನ ಗೋಡೆ ಎತ್ತರ. ಗುಂಡಿಗೆ ಬಿದ್ದರೆ ರಿಮ್ ಬಾಗುವ ಭಯ ಕಡಿಮೆ. ಇನ್ನೊಂದು ಲಾಭ, ಈ ಅಳತೆ ಸಾಮಾನ್ಯ ಫ್ಯಾಮಿಲಿ ಕಾರುಗಳದ್ದು. ಎಲ್ಲ ಅಂಗಡಿಯಲ್ಲೂ ಇದೆ, ಬೆಲೆಯೂ ಕಡಿಮೆ.

ರಿಮ್ ಅಂದರೆ ಬರೀ 16 ಇಂಚು ಅಂತ ತರುವ ಹಾಗಿಲ್ಲ. ಐದು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ., ನಡುವಿನ ತೂತು 56.1 ಮಿ.ಮೀ., ಆಫ್‌ಸೆಟ್ ಬೇರೆ. ಒಳಗೆ ಬ್ರೇಕ್ ಕ್ಯಾಲಿಪರ್‌ಗೆ ಜಾಗ ಉಳಿಯಬೇಕು. ಅದೆಲ್ಲ ಹೊಂದಿದರೂ, ಈ ರಿಮ್ ಈ ಕಾರಿಗೆ ಆಗುತ್ತದೆ ಅನ್ನುವ ಅನುಮತಿ ಪತ್ರ ಇಲ್ಲದಿದ್ದರೆ ಇಲ್ಲಿ ರಸ್ತೆಗಿಳಿಸುವ ಹಾಗಿಲ್ಲ. ಟೈರಿಗೆ 91ಎಚ್ ಅಂತ ಗುರುತು: ಒಂದು ಟೈರ್ 615 ಕೆ.ಜಿ. ಹೊರುತ್ತದೆ, ಗಂಟೆಗೆ 210 ಕಿ.ಮೀ. ತನಕ ಓಡುತ್ತದೆ. ಕಾರಿನ ಗರಿಷ್ಠ ವೇಗ 226. ಚಳಿಗಾಲದ ಟೈರಿಗೆ ಆ ವಿನಾಯಿತಿ ಉಂಟು, ಆದರೆ ಡ್ರೈವರ್ ಕಣ್ಣಿಗೆ ಕಾಣುವಂತೆ '210' ಅಂತ ಸ್ಟಿಕ್ಕರ್ ಅಂಟಿಸಬೇಕು.

ಗೆಳೆಯನ ಅಪ್ಪ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಫೋನಿನಲ್ಲಿ ವಿಷಯ ಕೇಳಿ ಅವರಿಗೆ ತಲೆಬುಡ ತಿಳಿಯಲಿಲ್ಲ.

"ಸವೆದಿಲ್ಲ ಅಂತೀಯ, ಮತ್ತ್ಯಾಕೆ ಬಿಚ್ತೀಯೋ?"

"ಅಪ್ಪಾ, ಇಲ್ಲಿ ಚಳಿಗೆ ರಬ್ಬರ್ ಗಟ್ಟಿ ಆಗುತ್ತೆ. ಬಟನ್ ಇದ್ರೂ ಹಿಡಿಯಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ತಗೊಳ್ಳಪ್ಪ. ಘಾಟಿ ಹತ್ತಿಸೋದು ಎಂಜಿನ್ನು, ಇಳಿಸೋದು ಟೈರು. ಪಾಳಿ ಮುಗಿಸ್ಕೊಂಡು ಸುಸ್ತಾಗಿ ಇಳಿಯೋವಾಗ್ಲೇ ಕಾಲು ತಪ್ಪೋದು. ದುಡ್ಡು ಕಮ್ಮಿ ಬಿದ್ರೆ ಹೇಳು."

ದುಡ್ಡು ಕೇಳಲಿಲ್ಲ, ಮೂವರೂ ಹಂಚಿಕೊಂಡೆವು. ಟೈರ್ ಹೊಸದೇ, ಒಂದಕ್ಕೆ 80 ಯೂರೊ ಆಸುಪಾಸು. ರಿಮ್ ಮಾತ್ರ ಹಳೆಯದು. ರಸ್ತೆಗೆ ಸುರಿಯುವ ಉಪ್ಪು ಹೇಗೂ ಅಲಾಯ್ ತಿನ್ನುತ್ತದೆ, ಚಂದದ ರಿಮ್ ಯಾಕೆ? ಖರ್ಚೂ ಎರಡರಷ್ಟು ಅಲ್ಲ. ಅರ್ಧ ವರ್ಷ ಈ ಸೆಟ್ ಓಡಿದಾಗ ಆ ಸೆಟ್ ಸವೆಯುವುದಿಲ್ಲ. ನಿಜವಾದ ಹೆಚ್ಚುವರಿ ಅಂದರೆ ರಿಮ್ಮು, ಬದಲಾಯಿಸುವ ಕೂಲಿ. ಬಿಚ್ಚಿದ ಟೈರ್ ಇಡಲು ಇಲ್ಲಿ 'ಟೈರ್ ಹೋಟೆಲ್' ಅಂತಾನೇ ಇವೆ. ನಾವು ಮನೆಯ ನೆಲಮಾಳಿಗೆಯಲ್ಲಿ ಅಕ್ಕಿ ಮೂಟೆಯ ಪಕ್ಕ ಪೇರಿಸಿದೆವು.

ಜನವರಿಯ ಒಂದು ಬೆಳಿಗ್ಗೆ ಘಾಟಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವಂತೆ. ನಮ್ಮ ಕಾರು ಎರಡನೇ ಗೇರಿನಲ್ಲಿ ಸದ್ದಿಲ್ಲದೆ ಹತ್ತಿತು, ಮಧ್ಯಾಹ್ನ ಇನ್ನೂ ನಿಧಾನಕ್ಕೆ ಇಳಿಯಿತು. ಅವನು ಮನೆಗೆ ಬಂದು ಶೂ ಬಿಚ್ಚಿ ಅನ್ನ ಸಾರು ಬಡಿಸಿಕೊಂಡ. ಹೇಳುವಂಥದ್ದೇನೂ ನಡೆದಿರಲಿಲ್ಲ, ನಮಗೆ ಬೇಕಾದದ್ದೂ ಅದೇ.

ಒಂದು ವಸ್ತು ಚೆನ್ನಾಗಿದೆಯಾ ಅಂತ ಕೇಳುವಾಗ ಎಷ್ಟು ಡಿಗ್ರಿಯಲ್ಲಿ, ಎಂಥ ರಸ್ತೆಯಲ್ಲಿ ಅಂತಲೂ ಕೇಳಬೇಕು. ಪ್ರಾಜೆಕ್ಟಿಗೆ ಮೆಟೀರಿಯಲ್ ಆರಿಸುವಾಗ ಡೇಟಾ ಶೀಟಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಉಷ್ಣತೆಯನ್ನು ಮೊದಲು ಓದಿ. ಇನ್ನು ಮುಂದಿನ ವರ್ಷ ಎಂಎಸ್‌ಗೆ ಈ ಕಡೆ ಬಂದು ಹಳೇ ಕಾರು ಕೊಳ್ಳುವವರು, ಬಿಎಚ್‌ಪಿ ಆಮೇಲೆ ಕೇಳಿ. "ಎರಡನೇ ಸೆಟ್ ಟೈರ್ ಕೊಡ್ತೀರಾ?" ಅಂತ ಮೊದಲು ಕೇಳಿ, ಕೊಟ್ಟರೆ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 3519 ಅಂದರೆ 2019ರ 35ನೇ ವಾರದಲ್ಲಿ ಮಾಡಿದ್ದು. ರಬ್ಬರಿಗೂ ವಯಸ್ಸಾಗುತ್ತದೆ.